ಪ್ರಾಣೇಶರಾಯರ ಹೀರೇಕಾಯಿ ಯೋಜನೆ

ನಮ್ಮ ಸಣ್ಣಮಾವನವರು ಸೀನು ಬರುವ ಮೊದಲೇ ಮನೆಯವರಿಗೆಲ್ಲ ತಿಳಿಸುತ್ತಿದ್ದರು. ಬಲಗೈ ಮೇಲೆತ್ತಿ, ಕಣ್ಣು ಅರ್ಧ ಮುಚ್ಚಿ, "ಬರ್ಲಿಕ್ಕೆ ಹತ್ತೇದ. ದೀಪ ಸರಿಸ್ರಿ, ಹಾಲು ಮುಚ್ರಿ" ಎನ್ನುತ್ತಿದ್ದರು. ನಾವು ದೀಪ ಸರಿಸಿ, ಹಾಲು ಮುಚ್ಚಿ, ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದೆವು. ಸೀನು ಬರುತ್ತಿರಲಿಲ್ಲ. ಅವರು ಕೈ ಇಳಿಸಿ, ಏನೂ ಆಗದವರಂತೆ ಕಾಫಿಯ ಲೋಟ ಎತ್ತಿಕೊಳ್ಳುತ್ತಿದ್ದರು. ಬಾಯ್ತುಂಬ ಕಾಫಿ ಇರುವಾಗಲೇ ಅದು ಬರುತ್ತಿತ್ತು. ಒಮ್ಮೆ ನನ್ನ ಹೊಸ ಇಳಕಲ್ ಸೀರೆಗೆ ಆ ಪ್ರಸಾದ ಸಿಕ್ಕಿತು. ಆದರೂ ಮುಂದಿನ ಸಲ ಕೈ ಎತ್ತುವುದನ್ನು ಅವರು ಬಿಡಲಿಲ್ಲ. ತಮ್ಮ ವ್ಯವಸ್ಥೆಯಲ್ಲಿ ಏನೂ ಕೊರತೆ ಇಲ್ಲ, ಸೀನಿಗೇ ಶಿಸ್ತಿಲ್ಲ ಎಂಬುದು ಅವರ ಅಭಿಪ್ರಾಯವಾಗಿತ್ತು.

ಹೆಸರು ಪ್ರಾಣೇಶರಾಯರು. ನನ್ನ ಮಾವನವರ ತಮ್ಮ. ನಾನು ನಂದವರಂನಿಂದ ಸೊಸೆಯಾಗಿ ಆದವಾನಿಗೆ ಬರುವ ಹೊತ್ತಿಗೆ ಮಾವನವರೂ ಅತ್ತೆಯವರೂ ತೀರಿಕೊಂಡಿದ್ದರು. ಮನೆಗೆ ಹಿರಿಯರೆಂದರೆ ಇವರು ಮತ್ತು ಇವರ ಹೆಂಡತಿ, ನನ್ನ ಸಣ್ಣತ್ತೆ ಅಂಬಕ್ಕ. ನನ್ನ ಗಂಡ ಹತ್ತಿ ಬಿಡಿಸುವ ಜಿನ್ನಿನಲ್ಲಿ ಗುಮಾಸ್ತರು. ಸಂಜೆ ಮನೆಗೆ ಬಂದರೆ ಹುಬ್ಬಿನ ತುಂಬ ಹತ್ತಿ ಕೂತು, ಅವರು ನನಗಿಂತ ನಲವತ್ತು ವರ್ಷ ದೊಡ್ಡವರಂತೆ ಕಾಣುತ್ತಿದ್ದರು. ಸಣ್ಣಮಾವನವರು ತಾಲೂಕು ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಬಿದಿರಿನಂಥ ಎತ್ತರ, ಬಿದಿರಿನಂಥದೇ ಮೈ. ಆದವಾನಿಯ ಬಿಸಿಲಿಗೆ ಬಂಡೆಯೂ ಬೆವರುವ ಕಾಲದಲ್ಲಿ ಕರೀ ಕೋಟು ತೊಟ್ಟೇ ಹೊರಗೆ ಹೋಗುತ್ತಿದ್ದರು. "ಹೇಳಿ ಮಾಡಿದ್ದು ಕೆಲಸ, ಹೇಳದನ ಆದದ್ದು ಅಪಘಾತ" ಎಂಬುದು ಅವರ ಮಂತ್ರ. ಅದನ್ನು ದಿನಕ್ಕೊಮ್ಮೆಯಾದರೂ ಕೇಳದೆ ನಮಗೆ ಅನ್ನ ಇಳಿಯುತ್ತಿರಲಿಲ್ಲ.

ದೊಡ್ಡ ಯುದ್ಧದ ಕಾಲ. ಸಕ್ಕರೆಗೆ ಸಾಲು, ಸೀಮೆಎಣ್ಣೆಗೆ ಸಾಲು, ಸೀರೆಗೆ ಪರ್ಮಿಟ್ಟು. ಕಾಯಿಪಲ್ಲೆಯೂ ತುಟ್ಟಿಯಾಗಿತ್ತು. ಹಿತ್ತಲಿದ್ದವರೆಲ್ಲ ಏನಾದರೂ ಬೆಳೆದುಕೊಳ್ಳಿರಿ ಎಂದು ಊರಿನಲ್ಲಿ ಡಂಗುರ ಹೊಡೆಸಿದ್ದರು. ಉಳಿದ ಓಣಿಗಳವರು ತಮಗೆ ತೋಚಿದ್ದನ್ನು ಬಿತ್ತಿಕೊಂಡರು. ನಮ್ಮ ಓಣಿಯಲ್ಲಿ ಮಾತ್ರ ಪ್ರಾಣೇಶರಾಯರು ಇದ್ದರು.

ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಓಣಿಯ ತುದಿಯಲ್ಲಿ ಗೋದಕ್ಕಜ್ಜಿ ಎಂಬ ಒಂಟಿ ಮುದುಕಿ ಇದ್ದರು. ಆಕೆಗೆ ಹಿತ್ತಲಿಲ್ಲ, ತರುವವರಿಲ್ಲ. ಒಂದು ದಿನ ಆಕೆ ಹುಣಸೇಹುಳಿಯ ನೀರಿನಲ್ಲಿ ಅನ್ನ ಕಲಸಿಕೊಂಡು ಉಣ್ಣುವುದನ್ನು ಕಂಡುಬಂದ ಸಣ್ಣಮಾವನವರು ಮನೆಗೆ ಬಂದು ಊಟ ಮಾಡಲಿಲ್ಲ. ಕಟ್ಟೆಯ ಮೇಲೆ ಕೂತು ಬಹಳ ಹೊತ್ತು ಯೋಚಿಸಿದರು. ಮರುದಿನ ಓಣಿಯವರನ್ನೆಲ್ಲ ಕರೆಸಿದರು.

"ನೋಡ್ರಿ, ಒಬ್ಬೊಬ್ರ ಹಿತ್ತಲದಾಗ ಒಂದೊಂದು ಪದಾರ್ಥ. ಬೆಳೆದದ್ದೆಲ್ಲಾ ನಮ್ಮ ಕಟ್ಟಿಗೆ ಬರಬೇಕು. ಕಟ್ಟಿ ಮ್ಯಾಲೆ ಸಮಪಾಲು. ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಡಿಮಿಲ್ಲ. ಗ್ವಾಡಿ ಮ್ಯಾಲಿಂದ ನೀವ್ನೀವು ಕೊಟ್ಟು ತಗೊಳ್ಳೂದು ಇವತ್ತಿನಿಂದ ಬಂದ್. ಏನು ಬೆಳೀಬೇಕು, ಎಷ್ಟು ಉಣಬೇಕು ಅಂತ ನೀವು ಯಾರೂ ತಲಿ ಕೆಡಿಸ್ಕೋಬ್ಯಾಡ್ರಿ. ಅದನ್ನ ನಾ ಕೆಡಿಸ್ಕೋತೀನಿ."

ಇಷ್ಟು ಉಪಕಾರಕ್ಕೆ ಯಾರು ಬೇಡವೆಂದಾರು? ಎಲ್ಲರೂ ತಲೆಯಾಡಿಸಿದರು.

ಓಣಿಯ ನಕ್ಷೆಯನ್ನು ಅವರೇ ಬರೆದರು. ಬಹಳ ಚಂದದ ನಕ್ಷೆ. ಪ್ರತಿ ಹಿತ್ತಲಿಗೂ ಒಂದೊಂದು ಬಣ್ಣ. ಬಣ್ಣಕ್ಕೆ ತಕ್ಕ ಪದಾರ್ಥ. ಪಕ್ಕದ ಮನೆ ತುಂಗಕ್ಕನ ಹಿತ್ತಲು ಹಸಿರು ಬಣ್ಣದ್ದು, ಆದ್ದರಿಂದ ಕೊತ್ತಂಬರಿ.

ತುಂಗಕ್ಕ ಸೆರಗು ಸರಿಪಡಿಸಿಕೊಂಡು ಮೆಲ್ಲಗೆ, "ನಮ್ಮ ಬಾವಿ ನೀರು ಉಪ್ಪು ಅದರಿ ರಾಯರ. ಕೊತ್ತಂಬ್ರಿ ಏಳೂದಿಲ್ಲ" ಎಂದರು.

"ನಕ್ಷೆ ಪ್ರಕಾರ ನಿಮ್ಮದು ಕೊತ್ತಂಬ್ರಿ ಹಿತ್ತಲ. ಬಾವಿ ನಕ್ಷೆದೊಳಗ ಇಲ್ಲ."

ನಮ್ಮ ಹಿತ್ತಲಿಗೆ ಹಿಂಭಾಗದಿಂದ ಅಂಟಿಕೊಂಡಿದ್ದದ್ದು ಕುರಿ ಸಾಕುವ ಈರಮ್ಮನ ಮನೆ. ಆಕೆಯದು ಉರುಕುಂದದ ಕಡೆಯ ತವರು, ಗಟ್ಟಿ ದನಿ, ಗಟ್ಟಿ ಬಳೆ. ಆಕೆಯ ಪಾಲಿಗೆ ಮೆಂತ್ಯದ ಸೊಪ್ಪು ಬಂತು.

"ಸ್ವಾಮಿ, ನಮ್ಮನ್ಯಾಗ ಕುರಿ ಅದಾವ್ರಿ. ಮೆಂತ್ಯೆ ಹಾಕಿದ್ರ ಅವು ಬಿಡ್ತಾವೇನ್ರಿ?"

"ಕುರಿಗೆ ಹೇಳು."

"ಏಂ ಚೆಪ್ಪಾಲ ಸ್ವಾಮಿ, ಏನಂತ ಹೇಳ್ಲಿ? ಅವುಕ್ಕ ಕನ್ನಡಾನೂ ಬರಂಗಿಲ್ಲ, ತೆಲುಗೂ ಬರಂಗಿಲ್ಲ."

ಬೀಜಗಳನ್ನು ಸಂತೆಯಿಂದ ತಂದು, ಸಣ್ಣ ಸಣ್ಣ ಪೊಟ್ಟಣ ಕಟ್ಟಿ, ಒಂದೊಂದರ ಮೇಲೂ ದುಂಡಗಿನ ಅಕ್ಷರದಲ್ಲಿ ಹೆಸರು ಬರೆದವರೂ ಅವರೇ. ಕಟ್ಟುವಾಗ ನಡುವೆ ಸಂಧ್ಯಾವಂದನೆಗೆ ಎದ್ದು ಹೋಗಿದ್ದರು. ಎಲ್ಲೋ ಏನೋ ಅದಲುಬದಲಾಗಿ ಅರ್ಧ ಓಣಿಗೆ ಹೀರೇಕಾಯಿಯ ಬೀಜವೇ ಹೋಯಿತು. ಕಂಡೊಡನೆ ಯಾರಿಗಾದರೂ ತಿಳಿಯುವ ಮಾತು. ಬದನೆಯ ಬೀಜ ಸಾಸಿವೆಗಿಂತ ತೆಳು. ಹೀರೆಯದು ಕಪ್ಪಗೆ, ಸೊಕ್ಕಿದ ತಿಗಣೆಯ ಹಾಗೆ.

ಸಣ್ಣತ್ತೆ ಪೊಟ್ಟಣ ಬಿಚ್ಚಿ ಹಿಡಿದು, "ಅಲ್ರಿ, ಇದು ಹೀರೇ ಬೀಜ" ಎಂದರು.

"ಚೀಟಿ ಮ್ಯಾಲೆ ಏನು ಬರದದ?"

"ಬದನಿ ಅಂತ ಬರದದ. ಆದ್ರ ಬೀಜ ಹೀರೇದು."

"ಚೀಟಿದೂ ಬೀಜದ್ದೂ ಮಾತು ಬ್ಯಾರೆ ಬ್ಯಾರೆ ಆದಾಗ ಬರಹಕ್ಕ ಮರ್ಯಾದಿ ಕೊಡಬೇಕು" ಎಂದು ಸಣ್ಣಮಾವನವರು ನ್ಯಾಯ ಹೇಳಿದರು.

ಸಣ್ಣತ್ತೆ ಎದುರಾಡಲಿಲ್ಲ. ಆಕೆ ಗಂಡನ ಜೊತೆ ಜಗಳವಾಡಿದ್ದನ್ನು ನಾನು ಒಮ್ಮೆಯೂ ಕಂಡಿಲ್ಲ. ಪೊಟ್ಟಣವನ್ನು ಹಾಗೆಯೇ ಬಿತ್ತಿದರು. ಬಿತ್ತುವಾಗ ನನ್ನ ಕಡೆ ತಿರುಗಿ, "ಬಳ್ಳಿ ಹಬ್ಲಿಕ್ಕೆ ಚಪ್ಪರದ ಗಳ ತಂದಿಡು ಸುಶೀಲಾ. ನಮ್ಮ ಬದನಿ ಬಳ್ಳಿ ಬಿಡ್ತದ" ಎಂದರು.

ಮಳೆ ಚೆನ್ನಾಗಿ ಆಯಿತು. ಮೆಂತ್ಯ ಗೇಣೆತ್ತರಕ್ಕೆ ಬಂದ ದಿನವೇ ಈರಮ್ಮನ ಕುರಿಗಳ ಪಾಲಾಯಿತು. ಕೊತ್ತಂಬರಿ ಮೊಳಕೆ ಒಡೆದು, ತುಂಗಕ್ಕನ ಬಾವಿಯ ನೀರಿನ ರುಚಿ ನೋಡಿ, ಹಾಗೆಯೇ ಕಣ್ಣು ಮುಚ್ಚಿತು. ಹೀರೇಬಳ್ಳಿ ಮಾತ್ರ ಹಬ್ಬಿದ್ದೇ ಹಬ್ಬಿದ್ದು. ಚಪ್ಪರ ಏರಿತು, ಗೋಡೆ ಏರಿತು, ಬಚ್ಚಲ ಮನೆಯ ಮೇಲೆ ಮಲಗಿತು. ಬೆಳಗಾದರೆ ಸಣ್ಣಮಾವನವರು ಕಟ್ಟೆಯ ಮೇಲೆ ನಿಂತು ಹಿತ್ತಾಳೆಯ ಗಂಟೆ ಬಾರಿಸುತ್ತಿದ್ದರು. ಬಳ್ಳಿ ಇದ್ದ ಮನೆಗಳಿಂದೆಲ್ಲ ಹೀರೇಕಾಯಿ ಬರುತ್ತಿತ್ತು. ಅವರು ಅದನ್ನೆಲ್ಲ ರಾಶಿ ಹಾಕಿ, ಬಹಳ ಶ್ರದ್ಧೆಯಿಂದ ಸಮಪಾಲು ಮಾಡಿ, ಪ್ರತಿ ಮನೆಗೂ ಹೀರೇಕಾಯಿ ಕೊಟ್ಟು ಕಳಿಸುತ್ತಿದ್ದರು. ಹೀರೇಕಾಯಿ ತಂದವರು ಹೀರೇಕಾಯಿ ಒಯ್ಯುತ್ತಿದ್ದರು. ಪಾಲು ಹಾಕುವಾಗ ಹುಳುಕಾದದ್ದನ್ನು ಯಾವಾಗಲೂ ತಮ್ಮ ಮನೆಗೇ ಇಟ್ಟುಕೊಳ್ಳುತ್ತಿದ್ದರು. ಆದ್ದರಿಂದ ಯಾರಿಗೂ ಅವರನ್ನು ಬೈಯಲು ಬಾಯಿ ಬರುತ್ತಿರಲಿಲ್ಲ.

ನಿಧಾನಕ್ಕೆ ಜನ ಕೊಯ್ಯುವುದನ್ನೇ ಬಿಟ್ಟರು. ತಾನು ನೀರು ಹಾಕಿ ಬೆಳೆಸಿದವಳಿಗೂ ಅಷ್ಟೇ ಪಾಲು, ಚಾಪೆಯ ಮೇಲೆ ಮಲಗಿದವಳಿಗೂ ಅಷ್ಟೇ ಪಾಲು ಎಂದ ಮೇಲೆ ಬೆಳಿಗ್ಗೆ ಬೆಳಿಗ್ಗೆ ಏಣಿ ಹತ್ತುವವರು ಯಾರು? ಕಾಯಿಗಳು ಬಳ್ಳಿಯಲ್ಲೇ ಬಲಿತು, ಒಣಗಿ, ಮೈ ಉಜ್ಜುವ ನಾರಾದವು. ಆ ವರ್ಷ ನಮ್ಮ ಓಣಿಯವರಷ್ಟು ತಿಕ್ಕಿ ತೊಳೆದ ಮೈಯವರು ಆದವಾನಿಯಲ್ಲೇ ಇರಲಿಲ್ಲ.

ಆದರೆ ಒಂದು ವಿಚಿತ್ರವನ್ನು ನಾನು ಗಮನಿಸಿದ್ದೆ. ಸಣ್ಣಮಾವನವರು ಊಟಕ್ಕೆ ಕೂತಾಗ ಎಲೆಯ ಮೇಲೆ ಹೀರೇಕಾಯಿ ಇರುತ್ತಿತ್ತು. ನಾವು ಹೆಂಗಸರು ಕೊನೆಗೆ ಕೂತಾಗ ಬದನೆಕಾಯಿಯ ಎಣ್ಣೆಗಾಯಿ ಬರುತ್ತಿತ್ತು. ಕೇಳಿದರೆ ಸಣ್ಣತ್ತೆ, "ಉಣ್ಣು, ಮಾತಾಡಬ್ಯಾಡ" ಎನ್ನುತ್ತಿದ್ದರು. ಒಂದು ದಿನ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಗೋಡೆಯ ಹತ್ತಿರ ನಿಲ್ಲಿಸಿ ಕೆಮ್ಮಿದರು. ಆ ಕಡೆಯಿಂದಲೂ ಒಂದು ಕೆಮ್ಮು ಬಂತು. ಗೋಡೆಯ ಮೇಲಿಂದ ಬಳೆ ತೊಟ್ಟ ಕೈಯೊಂದು ಇಳಿದು, ಕೊತ್ತಂಬರಿಯ ಕಟ್ಟೊಂದನ್ನು ಕೊಟ್ಟಿತು. ಸಣ್ಣತ್ತೆ ಆ ಕೈಗೆ ಒಂದು ಬಟ್ಟಲು ಮಾವಿನಕಾಯಿಯ ಉಪ್ಪಿನಕಾಯಿ ಇಟ್ಟರು. ಕೈ ಮಾಯವಾಯಿತು.

ಸಂಗತಿ ಇಷ್ಟೇ. ಈರಮ್ಮ ಒಡಕು ಮಡಕೆಗಳಲ್ಲಿ ಮಣ್ಣು ತುಂಬಿ, ಕುರಿ ಹತ್ತಲಾರದ ಮಾಳಿಗೆಯ ಮೇಲೆ ಕೊತ್ತಂಬರಿ ಬೆಳೆದಿದ್ದಳು. ತುಂಗಕ್ಕ ಬಚ್ಚಲ ಹಿಂದಿನ ಮೂಲೆಯಲ್ಲಿ, ನಕ್ಷೆಗೆ ಕಾಣದ ಹಾಗೆ, ಬದನೆ ಹಾಕಿದ್ದರು. ಬಚ್ಚಲ ನೀರು ಉಪ್ಪಾದರೂ ಅದು ಗಡಿಗೆಯಂತೆ ಕಾಯಿ ಬಿಟ್ಟಿತ್ತು. ಇನ್ನೊಬ್ಬರ ಹತ್ತಿರ ಮೆಣಸಿನಕಾಯಿ, ಮತ್ತೊಬ್ಬರ ಹತ್ತಿರ ಕರಿಬೇವು. ಯಾರಿಗೆ ಏನು ಬೇಕೋ ಅದು ಗೋಡೆಯಿಂದ ಗೋಡೆಗೆ ದಾಟುತ್ತಿತ್ತು. ಗೋದಕ್ಕಜ್ಜಿಯ ಕಿಟಕಿಗೂ ದಿನಾ ಏನಾದರೊಂದು ಬಂದು ಬೀಳುತ್ತಿತ್ತು. ಆ ಮುದುಕಿ ಹಪ್ಪಳ ಲಟ್ಟಿಸಿಕೊಟ್ಟು ಋಣ ತೀರಿಸುತ್ತಿದ್ದರು. ಸಣ್ಣಮಾವನವರ ಗಂಟೆಯ ಸದ್ದೇ ಇವರಿಗೆಲ್ಲ ಸೂಚನೆ. ಅವರು ಮುಂಬಾಗಿಲ ಕಟ್ಟೆಯ ಮೇಲೆ ಇದ್ದಾರೆ, ಹಿತ್ತಲು ನಿರ್ಭಯ ಎಂದು ಅದರ ಅರ್ಥ.

"ಸಣ್ಣಮಾವನವರಿಗೆ ತಿಳಿದ್ರ?" ಎಂದೆ.

"ಅವರಿಗೆ ತಿಳಿದ್ರ ಇದಕ್ಕೂ ಒಂದು ನಕ್ಷೆ ಬರೀತಾರ" ಎಂದರು ಸಣ್ಣತ್ತೆ.

ತುಳಸಿ ಲಗ್ನ ಮುಗಿದ ಮೇಲೆ ಅವರ ಮಗಳು ಪದ್ಮಾಳನ್ನು ನೋಡಲು ಪತ್ತಿಕೊಂಡದಿಂದ ಬೀಗರು ಬರುವುದು ಗೊತ್ತಾಯಿತು. ಒಳ್ಳೆಯ ಸಂಬಂಧ. ಹುಡುಗ ಓದಿದವನು, ಮನೆತನ ದೊಡ್ಡದು. ಪದ್ಮಾಳಿಗೆ ಅಲ್ಲಿಯವರೆಗೆ ಬಂದ ಎರಡು ಗಂಡುಗಳು ಏನೇನೋ ನೆವ ಹೇಳಿ ಬಿಟ್ಟುಹೋಗಿದ್ದವು. ಈ ಸಲ ತಪ್ಪಿದರೆ ಹುಡುಗಿಯ ಹೆಸರಿಗೆ ಮಾತು ಬರುತ್ತಿತ್ತು. ಸಣ್ಣತ್ತೆ ಆ ವಾರವೆಲ್ಲ ಸರಿಯಾಗಿ ನಿದ್ದೆ ಮಾಡಲಿಲ್ಲ. ಸಣ್ಣಮಾವನವರು ಮಾತ್ರ ನಿಶ್ಚಿಂತರು. ಓಣಿಯ ವ್ಯವಸ್ಥೆಯನ್ನೇ ಬೀಗರಿಗೆ ತೋರಿಸಿಬಿಡುವುದೆಂದು ಅವರ ಸಂಕಲ್ಪ. ಅಡಿಗೆಯನ್ನೂ ತಾವೇ ನಿರ್ಣಯಿಸಿದರು. ಹೀರೇಕಾಯಿಯ ಪಲ್ಯ, ಹೀರೇಕಾಯಿಯ ಹುಳಿ, ಸಿಪ್ಪೆಯ ಚಟ್ನಿ, ಹೀರೇಕಾಯಿಯ ಬಜ್ಜಿ.

"ಪಾಯಸಕ್ಕೂ ಅದನ್ನ ಹಾಕಲೇನು?" ಎಂದು ಸಣ್ಣತ್ತೆ ಕೇಳಿದರು. ಸಣ್ಣಮಾವನವರು ನಿಜವಾಗಿಯೂ ಒಂದು ಗಳಿಗೆ ಯೋಚಿಸಿ, "ಬ್ಯಾಡ, ಅದು ಅತಿ ಆಗ್ತದ" ಎಂದರು.

ಬೀಗರು ಬಂದರು. ಹುಡುಗನ ತಂದೆ ಆಚಾರ್ಯರು ದುಂಡು ಮುಖದ, ನಗುಮೊಗದ ಮನುಷ್ಯ. ಕೈಕಾಲು ತೊಳೆದು ಪಡಸಾಲೆಯಲ್ಲಿ ಕೂತು, ಹೊಟ್ಟೆಯ ಮೇಲೆ ಕೈಯಾಡಿಸಿಕೊಂಡು ಹೇಳಿದರು:

"ನಮ್ಮ ಊಟದ ಬಗ್ಗೆ ಏನೂ ತ್ರಾಸ ತಗೋಬ್ಯಾಡ್ರಿ ರಾಯರ. ನಾ ಎಲ್ಲಾ ಉಣ್ತೀನಿ. ಕಾಶಿಗೆ ಹೋದಾಗ ಹೀರೇಕಾಯಿ ಒಂದು ಬಿಟ್ಟು ಬಂದೀನಿ, ಅಷ್ಟ."

ಕಾಶಿಗೆ ಹೋದವರು ತಮಗೆ ಪ್ರಿಯವಾದದ್ದೊಂದನ್ನು ಬಿಟ್ಟು ಬರುವುದು ವಾಡಿಕೆ. ಲೋಕದಲ್ಲಿ ಇಷ್ಟೊಂದು ಕಾಯಿಪಲ್ಲೆ ಇರುವಾಗ ಆ ಮಹಾನುಭಾವರಿಗೆ ಗಂಗೆಯ ದಂಡೆಯ ಮೇಲೆ ನೆನಪಾದದ್ದು ಅದೇ. ಸಣ್ಣಮಾವನವರ ಬಲಗೈ ತಾನಾಗಿ ಮೇಲೆದ್ದಿತು. ಬಾಗಿಲ ಹಿಂದೆ ನಿಂತಿದ್ದ ನಾನು, ಸೀನು ಬಂತೆಂದು ಹಾಲು ಮುಚ್ಚಲು ಓಡಿದೆ. ಸೀನಲ್ಲ. ಮಾತು ಹೊರಡದೆ ಕೈ ಎತ್ತಿದ್ದರು.

ಒಳಗೆ ಬಂದಾಗ ಅವರ ಮುಖ ಹುಣಸೇಹಣ್ಣಿನ ಹಾಗೆ ಮುದುಡಿತ್ತು. "ಅಂಬಾ, ಇದು ನಕ್ಷೆದೊಳಗ ಇರ್ಲಿಲ್ಲ" ಎಂದರು.

"ಪಾಪ, ಅವರ ನಾಲಿಗಿ ನಕ್ಷೆದೊಳಗ ಹ್ಯಾಂಗ ಇರಬೇಕು?" ಎಂದರು ಸಣ್ಣತ್ತೆ. "ನೀವು ಹೊರಗ ಹೋಗಿ ಕೂಡ್ರಿ. ಯುದ್ಧದ ಸುದ್ದಿ ಹೇಳ್ರಿ. ನಿಧಾನಕ್ಕ ಹೇಳ್ರಿ."

ಅವರು ಹೋಗಿ ಹೇಳಿದರು. ಅಷ್ಟು ನಿಧಾನಕ್ಕೆ ಯಾವ ಸೈನ್ಯವೂ ಮುಂದುವರಿದಿರಲಾರದು. ಇತ್ತ ಹಿತ್ತಲಿನಲ್ಲಿ ಸಣ್ಣತ್ತೆ ಕೆಮ್ಮಿದರು. ಮೂರು ದಿಕ್ಕಿನಿಂದ ಕೆಮ್ಮು ಬಂತು. ಹೆಣ್ಣು ನೋಡಲು ಬಂದಿದ್ದಾರೆ ಎಂಬುದು ಓಣಿಗೆಲ್ಲ ಗೊತ್ತಿತ್ತು. ಆಚಾರ್ಯರ ಕಾಶಿಯ ಕಥೆಯೂ ನಾನು ಗೋಡೆಗೆ ಬಾಯಿ ಹಚ್ಚಿ ಒಂದು ಮಾತು ಹೇಳುವಷ್ಟರಲ್ಲಿ ಎಲ್ಲೆಡೆ ಮುಟ್ಟಿತು. ಬದನೆ ಬಂತು, ಮೆಣಸಿನಕಾಯಿ ಬಂತು, ಗೋದಕ್ಕಜ್ಜಿಯ ಹಪ್ಪಳ ಬಂತು. ಯಾರೋ ಎಲ್ಲಿಂದಲೋ ಎಳೆಯ ಬೆಂಡೆಕಾಯಿ ಕಳಿಸಿದರು. ಓಣಿಯಲ್ಲಿ ಬೆಂಡೆಕಾಯಿ ಇದ್ದದ್ದು ಸಣ್ಣತ್ತೆಗೂ ಗೊತ್ತಿರಲಿಲ್ಲ.

ಅಷ್ಟರಲ್ಲಿ ನೀರಿನ ನೆವ ಮಾಡಿಕೊಂಡು ಸಣ್ಣಮಾವನವರು ಹಿತ್ತಲಿಗೆ ಬಂದುಬಿಟ್ಟರು. ಆಗಲೇ ಗೋಡೆಯ ಮೇಲಿಂದ ಬಳೆಗಳ ಕೈ ಇಳಿಯಿತು. ಕೈಯಲ್ಲಿ ಕೊತ್ತಂಬರಿ. ಸಣ್ಣತ್ತೆಯ ಎರಡೂ ಕೈಯಲ್ಲಿ ಬೆಂಡೆಕಾಯಿ. ನಾನು ಕಂಬದಂತೆ ನಿಂತುಬಿಟ್ಟೆ.

"ಅದು ಯಾರ ಕೈ?" ಎಂದರು ಸಣ್ಣಮಾವನವರು.

"ಕೈಗೆ ಹೆಸರು ಬರದಿಲ್ಲ" ಎಂದರು ಸಣ್ಣತ್ತೆ.

ಗೋಡೆಯ ಆ ಕಡೆಯಿಂದ ಈರಮ್ಮನ ಗಟ್ಟಿ ದನಿ ಬಂತು: "ತೊಂದರಗಾ ತಗೋರವ್ವ, ಜಲ್ದಿ. ಕೈ ಸೋತೈತಿ. ರಾಯರು ಬಂದಾರು."

ರಾಯರು ಬಂದಿದ್ದರು. ಗೋಡೆಯ ಹತ್ತಿರ ಹೋದರು. ಕರೀ ಕೋಟಿನ ತೋಳು ಮೇಲೆ ಸರಿಸಿಕೊಂಡು, ಆ ಕೊತ್ತಂಬರಿಯ ಕಟ್ಟನ್ನು ತಾವೇ ಇಸಿದುಕೊಂಡರು. ಕೈ ಖಾಲಿಯಾಗಿ ಅಲ್ಲೇ ನಿಂತಿತು, ಬದಲಿಗೆ ಏನಾದರೂ ಬರಲಿ ಎಂದು. ಸಣ್ಣಮಾವನವರಿಗೆ ಏನು ತೋಚಿತೋ, ಆ ಕೈಗೆ ನಮಸ್ಕಾರ ಮಾಡಿದರು. ಆಮೇಲೆ ನನ್ನ ಕಡೆ ತಿರುಗಿ, "ಸುಶೀಲಾ, ನಾ ಹಿತ್ತಲಕ್ಕ ಬಂದೇ ಇಲ್ಲ" ಎಂದು ಹೊರಗೆ ನಡೆದರು. ನೀರು ಕುಡಿಯುವುದನ್ನು ಮರೆತಿದ್ದರು.

ಊಟಕ್ಕೆ ಎಲೆ ಹಾಕಿದೆವು. ಎಣ್ಣೆಗಾಯಿ, ಬೆಂಡೆಕಾಯಿಯ ಗೊಜ್ಜು, ಕೊತ್ತಂಬರಿಯ ಚಟ್ನಿ, ಹಪ್ಪಳ. ಆಚಾರ್ಯರು ಮೊದಲು ಉಂಡರು, ಆಮೇಲೆ ನೋಡಿದರು, ಆಮೇಲೆ ಮತ್ತೆ ಉಂಡರು.

"ಇಂಥಾ ತುಟ್ಟಿ ಕಾಲದಾಗ ಇಷ್ಟೆಲ್ಲಾ ಹ್ಯಾಂಗ ಒದಗಿಸಿದ್ರಿ ರಾಯರ? ಏನು ವ್ಯವಸ್ಥಾ ಮಾಡಿದ್ರಿ?"

ಸಣ್ಣಮಾವನವರು ಬದುಕಿನುದ್ದಕ್ಕೂ ಕಾದ ಪ್ರಶ್ನೆ ಅದು. ಸಣ್ಣತ್ತೆ ಬಡಿಸುತ್ತಿದ್ದ ಸೌಟನ್ನು ಹಾಗೆಯೇ ಹಿಡಿದು ನಿಂತರು. ರಾಯರು ಒಮ್ಮೆ ಎಲೆ ನೋಡಿದರು, ಒಮ್ಮೆ ಹೆಂಡತಿಯ ಮುಖ ನೋಡಿದರು.

"ನಾ ಏನೂ ಮಾಡ್ಲಿಲ್ಲರಿ" ಎಂದರು. "ಅದಕ್ಕ ಇಷ್ಟು ಛಲೋ ಆತು."

ಆಚಾರ್ಯರು ಇದನ್ನು ವಿನಯವೆಂದು ತಿಳಿದರು. ಇಷ್ಟು ವಿನಯವಂತರ ಮಗಳು ಸಿಗುವುದು ನಮ್ಮ ಪುಣ್ಯ ಎಂದರು. ಪದ್ಮಾಳ ಮದುವೆ ಅಲ್ಲೇ ನಿಶ್ಚಯವಾಯಿತು.

ಮರುದಿನ ಗಂಟೆ ಬಾರಿಸಲಿಲ್ಲ. ಓಣಿಯವರು ರೂಢಿಯಂತೆ ಬಂದು ಕಟ್ಟೆಯ ಮುಂದೆ ನಿಂತು, ಕಾದು, ಮನೆಗೆ ಹೋದರು. ಆ ವಾರದಲ್ಲೇ ಸಣ್ಣಮಾವನವರು ಗೌಂಡಿಯನ್ನು ಕರೆಸಿ ಹಿತ್ತಲಿನ ಗೋಡೆಯ ಮೇಲಿನ ಕಲ್ಲಿನ ಸಾಲು ತೆಗೆಸಿ ಅದನ್ನು ತಗ್ಗಿಸಿದರು. ಕೇಳಿದವರಿಗೆ, "ಆ ಹೆಣ್ಣುಮಗಳ ಕೈ ಸೋಲ್ತದ" ಎಂದರು. ಗೋದಕ್ಕಜ್ಜಿಯ ಮನೆಗೆ ದಿನಾ ತಾವೇ ಏನಾದರೊಂದು ಒಯ್ದು ಕೊಡುತ್ತಿದ್ದರು. ಏನು ಒಯ್ಯಲಿ ಎಂದು ಮೊದಲು ಆಕೆಯನ್ನೇ ಕೇಳುತ್ತಿದ್ದರು.

ಯುದ್ಧ ಮುಗಿದರೂ ಸಾಲುಗಳು ಮುಗಿಯಲಿಲ್ಲ. ಒಂದು ವರ್ಷ ಪತ್ತಿಕೊಂಡದಲ್ಲಿ ಬೀಗರ ಕಣದ ತುಂಬ ಜೋಳ, ಇಲ್ಲಿ ನಮ್ಮ ಡಬ್ಬಿಯಲ್ಲಿ ತಳದ ನುಚ್ಚು. ಸರಕಾರದ ಪರ್ಮಿಟ್ಟಿಲ್ಲದೆ ಜಿಲ್ಲೆಯ ಗಡಿ ದಾಟಿ ಒಂದು ಚೀಲ ಈ ಕಡೆ ಬರುವ ಹಾಗಿರಲಿಲ್ಲ. ಅಲ್ಲಿ ಜೋಳಕ್ಕೆ ಹುಳ, ಇಲ್ಲಿ ನಮಗೆ ಹಸಿವೆ. ಸಣ್ಣಮಾವನವರು ಪೇಪರು ಓದುತ್ತಿದ್ದವರು ಕನ್ನಡಕ ತೆಗೆದಿಟ್ಟರು.

"ಇದನ್ನ ಮಾಡಿದವರು ಕೆಟ್ಟವರಲ್ಲ ಸುಶೀಲಾ" ಎಂದರು. "ನನ್ನಂಥವರ ಇರಬೇಕು. ಛಲೋ ನಕ್ಷೆ ಬರದಿರ್ತಾರ. ಆದ್ರ ನಮ್ಮ ಓಣಿಗೆ ಹಿತ್ತಲ ಗ್ವಾಡಿ ಅಂತ ಒಂದಿತ್ತು. ಇಷ್ಟು ದೊಡ್ಡ ದೇಶಕ್ಕ ಹಿತ್ತಲ ಗ್ವಾಡಿ ಎಲ್ಲಿ ಅದ?"

ಅವರ ಮಾತು ಕೇಳಿ ನನಗೆ ನಗು ಬಾರದೆ ಹೋದದ್ದು ನೆನಪಿರುವಂತೆ ಅದೊಂದೇ ಸಲ.

ಆಮೇಲೆ ನನ್ನ ಗಂಡನಿಗೆ ಬಳ್ಳಾರಿಯಲ್ಲಿ ಕೆಲಸವಾಗಿ ನಾವು ಆದವಾನಿ ಬಿಟ್ಟೆವು. ಸಣ್ಣಮಾವನವರು ಮೆಟ್ಟಿಲಿಂದ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದಾರೆಂದು ತಿಳಿದು ನೋಡಲು ಬಂದೆ. ಪಡಸಾಲೆಯಲ್ಲಿ ಮಂಚ. ಮೈ ಇನ್ನೂ ಇಳಿದಿತ್ತು, ದನಿ ಇಳಿದಿರಲಿಲ್ಲ. ಓಣಿಯ ಮನೆಮನೆಯಿಂದ ಅವರಿಗೆಂದು ಏನೇನೋ ಬರುತ್ತಿತ್ತು. ಅವತ್ತು ಮೂರು ಮನೆಯವರು ಒಬ್ಬರಿಗೊಬ್ಬರು ತಿಳಿಯದೆ ಹೆಸರುಬೇಳೆಯ ಪಾಯಸವನ್ನೇ ಕಳಿಸಿದ್ದರು. ಮೂರು ತಪ್ಪಲೆಗಳನ್ನು ಸಾಲಾಗಿ ಇಡಿಸಿಕೊಂಡು ಸಣ್ಣಮಾವನವರು ಗೆದ್ದವರಂತೆ ಮಲಗಿದ್ದರು.

"ನೋಡು ಸುಶೀಲಾ. ಯಾರರ ಒಬ್ಬರು ಹೇಳಿ ಮಾಡಿಸಿದ್ರ ಹಿಂಗಾಗ್ತಿತ್ತೇನು? ನನಗ ಬೇಕಾಗಿದ್ದು ಮಸರನ್ನ. ಅದನ್ನ ಯಾರೂ ತರ್ಲಿಲ್ಲ."

ಮಾತು ಮುಗಿಯುವ ಮೊದಲೇ ಬಾಗಿಲಲ್ಲಿ ತುಂಗಕ್ಕನ ಸೊಸೆ ನಿಂತಿದ್ದಳು. ಕೈಯಲ್ಲಿ ಕಲ್ಲಿನ ಗಡಿಗೆ, ಅದರ ತುಂಬ ಕೆನೆ ಕಟ್ಟಿದ ಗಟ್ಟಿ ಮೊಸರು. ಸಣ್ಣಮಾವನವರು ಆಕೆಯನ್ನೂ ಗಡಿಗೆಯನ್ನೂ ನೋಡಿದರು.

"ನಿನಗ ಇದನ್ನ ತರ್ಲಿಕ್ಕೆ ಯಾರು ಹೇಳಿದ್ರವಾ?"

"ಯಾರು ಹೇಳಬೇಕ್ರಿ? ನಿನ್ನೆ ನಮ್ಮ ಎಮ್ಮಿ ಹಾಲು ಹೆಚ್ಚಿಗಿ ಕೊಟ್ಟಿತು. ಹೆಪ್ಪು ಹಾಕಿದ್ವಿ."

ಸಣ್ಣತ್ತೆ ಅನ್ನ ಕಲಸಿದರು. ಸಣ್ಣಮಾವನವರು ಮೂರು ತುತ್ತು ಉಂಡರು. ನಾಲ್ಕನೆಯದನ್ನು ಬಾಯಿಗೆ ಒಯ್ಯದೆ ಮೇಲೆ ಜಂತಿಯನ್ನು ನೋಡುತ್ತ ಉಳಿದರು. ಅದಾಗಿ ಯುಗಾದಿಯೊಳಗೇ ಅವರು ತೀರಿಕೊಂಡರು. ನನಗೆ ಬರಲಾಗಲಿಲ್ಲ. ಆದ್ದರಿಂದ ನನ್ನ ಪಾಲಿಗೆ ಅವರ ಕೊನೆಯ ಮಾತೆಂದರೆ ಆ ತುತ್ತು ಕೈಯಲ್ಲಿ ಹಿಡಿದು ಕೇಳಿದ್ದೇ.

"ಅಲ್ಲ ಅಂಬಾ," ಎಂದರು, "ಎಮ್ಮಿಗೆ ಯಾರು ಹೇಳಿದ್ರು?"

ಸಣ್ಣತ್ತೆ ಇನ್ನೊಂದು ಸೌಟು ಮೊಸರು ಹಾಕಿದರು.